ಮೂಲೆಯ ಆ ಎರಡು ಗೆರೆ ಅಳಿಸಬೇಡಿ: ಪೆಟ್ಟಿಗೆಯ ಅಳತೆ ಬಳಸುವವರ ಕೈಯಲ್ಲಿರಲಿ

ಆನ್‌ಲೈನ್ ಅರ್ಜಿಗಳಲ್ಲಿ ‘ನಿಮ್ಮ ದೂರನ್ನು ಇಲ್ಲಿ ಬರೆಯಿರಿ’ ಎಂಬ ಪೆಟ್ಟಿಗೆ ಇರುತ್ತದಲ್ಲ, ಕಂಪ್ಯೂಟರಿನಲ್ಲಿ ಅದರ ಬಲಗಡೆಯ ಕೆಳಮೂಲೆಯನ್ನು ಒಮ್ಮೆ ಗಮನಿಸಿ. ಸಣ್ಣ ಓರೆ ಗೆರೆಗಳು ಕಾಣಬಹುದು. ಮೌಸ್‌ನಿಂದ ಅದನ್ನು ಹಿಡಿದು ಎಳೆದರೆ ಪೆಟ್ಟಿಗೆ ದೊಡ್ಡದಾಗುತ್ತದೆ. ಈ ಸೌಲಭ್ಯವನ್ನು ಬ್ರೌಸರ್ ತಾನಾಗಿಯೇ ಕೊಡುತ್ತದೆ, ಡೆವಲಪರ್ ಒಂದಕ್ಷರ ಬರೆಯಬೇಕಿಲ್ಲ. ಆದರೂ ಎಷ್ಟೋ ಸೈಟುಗಳಲ್ಲಿ ಆ ಗೆರೆಗಳು ಇರುವುದಿಲ್ಲ. ಯಾಕಂದ್ರೆ ‘ಡಿಸೈನ್ ಕೆಡುತ್ತೆ’ ಅಂತ ಯಾರೋ ‘ರಿಸೈಜ್: ನನ್’ ಎಂಬ ಒಂದೇ ಒಂದು ಸಾಲು ಬರೆದು ಅದನ್ನು ತೆಗೆದುಹಾಕಿರುತ್ತಾರೆ.

ನಾನು ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ವೆಬ್ ಪುಟಗಳನ್ನು ಕಟ್ಟುವವನು. ಆ ಒಂದು ಸಾಲಿನ ಬೆಲೆ ತೆರುವವರು ಎರಡೆರಡು ದೊಡ್ಡ ಸ್ಕ್ರೀನ್ ಇಟ್ಟುಕೊಂಡು ಕೂತ ನನ್ನಂಥವರಲ್ಲ. ಶಿವಾಜಿನಗರದ ಯಾವುದೋ ಸೈಬರ್ ಸೆಂಟರ್‌ನಲ್ಲಿ, ಹಳೆಯ ಮಾನಿಟರ್ ಮುಂದೆ, ಪಿಂಚಣಿ ನಿಂತುಹೋಗಿದೆ ಎಂದು ದೂರು ಬರೆಸುತ್ತಿರುವ ಅಜ್ಜಿ ಅದನ್ನು ತೆರುತ್ತಾರೆ. ಹೇಳುವವರು ಅವರು, ಟೈಪ್ ಮಾಡುವವನು ಅಂಗಡಿಯ ಹುಡುಗ. ಮೂರು ಸಾಲು ಕಾಣುವ ಪೆಟ್ಟಿಗೆಯಲ್ಲಿ ಮೂವತ್ತು ಸಾಲಿನ ದೂರು ತುಂಬಿದರೆ, ಪಕ್ಕದಲ್ಲಿ ಕೂತವರು ಅದನ್ನು ಒಟ್ಟಿಗೆ ನೋಡಿ ‘ಹ್ಞಾಂ, ಸರಿಯಾಗಿದೆ’ ಅನ್ನೋಕೆ ಆಗಲ್ಲ. ತಮ್ಮದೇ ದೂರನ್ನು ತಾವೇ ಸರಿಯಾಗಿ ನೋಡದೆ ಸಲ್ಲಿಸಬೇಕಾಗುತ್ತದೆ.

ಹಾಗಾಗಿ ಎಳೆದು ಹಿಗ್ಗಿಸುವ ಪೆಟ್ಟಿಗೆ ಬರೀ ಡೆವಲಪರ್‌ಗಳ ಕಸರತ್ತಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ, ಎಲ್ಲಿ ಎಡವುತ್ತದೆ ಎಂಬುದೂ ತಿಳಿಯುತ್ತದೆ.

ಒಂದು ಕೂಡಿಸುವ ಲೆಕ್ಕ

ಸುಲಭದ ದಾರಿ ಸಿಎಸ್‌ಎಸ್‌ನಲ್ಲೇ ಇದೆ. ಯಾವುದೇ ಪೆಟ್ಟಿಗೆಗೆ ‘ರಿಸೈಜ್: ಬೋತ್’, ಜೊತೆಗೆ ‘ಓವರ್‌ಫ್ಲೋ: ಆಟೋ’ ಎಂದು ಬರೆದರೆ ಮೂಲೆಯಲ್ಲಿ ಹಿಡಿ ಬರುತ್ತದೆ. ಎರಡನೆಯದನ್ನು ಬಿಟ್ಟರೆ ಮೊದಲನೆಯದು ಕೆಲಸ ಮಾಡುವುದಿಲ್ಲ. ಆದರೆ ಈ ಹಿಡಿ ತೀರಾ ಚಿಕ್ಕದು, ಒಂದೇ ಮೂಲೆಯಲ್ಲಿರುತ್ತದೆ. ಎಡಕ್ಕೆ ನಕ್ಷೆ, ಬಲಕ್ಕೆ ಪಟ್ಟಿ ಇಟ್ಟು ನಡುವಿನ ಗೋಡೆಯನ್ನು ಆಚೀಚೆ ಸರಿಸಬೇಕು ಅಂದ್ರೆ ಜಾವಾಸ್ಕ್ರಿಪ್ಟ್ ಬೇಕು.

ಅಲ್ಲಿ ನಡೆಯುವುದು ಮೂರೇ ಘಟನೆ: ಒತ್ತಿದ್ದು, ಸರಿಸಿದ್ದು, ಬಿಟ್ಟಿದ್ದು. ಒತ್ತಿದಾಗ ಎರಡು ಅಂಕಿ ಬರೆದಿಟ್ಟುಕೊಳ್ಳಬೇಕು: ಮೌಸ್ ಎಲ್ಲಿತ್ತು, ಪೆಟ್ಟಿಗೆಯ ಅಗಲ ಎಷ್ಟಿತ್ತು. ಪೆಟ್ಟಿಗೆ 300 ಪಿಕ್ಸೆಲ್ ಅಗಲವಿದ್ದು, ಮೌಸ್ 420ರಲ್ಲಿ ಒತ್ತಿ 500ಕ್ಕೆ ಹೋದರೆ ವ್ಯತ್ಯಾಸ 80. ಹೊಸ ಅಗಲ 380. ಬಿಟ್ಟಾಗ ಲೆಕ್ಕ ನಿಲ್ಲಿಸಬೇಕು. ಅಷ್ಟೇ.

ಇಷ್ಟು ಸರಳ ಲೆಕ್ಕ ಕೈಕೊಡುವುದು ಮೂರು ಕಡೆ. ಒಂದು, ‘ಸರಿಸಿದ್ದು’ ಎಂಬ ಘಟನೆಯನ್ನು ತೆಳ್ಳನೆಯ ಹಿಡಿಯ ಮೇಲೆ ಮಾತ್ರ ಕೇಳಿಸಿಕೊಂಡರೆ, ಮೌಸ್ ಸ್ವಲ್ಪ ಜೋರಾಗಿ ಓಡಿದ ಕೂಡಲೇ ಹಿಡಿಯಿಂದ ಜಾರಿ ಎಳೆತ ಅರ್ಧಕ್ಕೇ ನಿಲ್ಲುತ್ತದೆ. ಎರಡು, ಪೆಟ್ಟಿಗೆಯ ಒಳಗಿನ ಪ್ಯಾಡಿಂಗ್ ಸೇರಿಸಿ ಅಳೆದು, ಸೇರಿಸದೆ ಅಗಲ ಕೊಟ್ಟರೆ ಮುಟ್ಟಿದ ತಕ್ಷಣ ಪೆಟ್ಟಿಗೆ ಹಾರುತ್ತದೆ. ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’ ಎಂದರೆ ಇದು ಸರಿಹೋಗುತ್ತದೆ. ಮೂರು, ಮೌಸ್‌ಗೆಂದೇ ಬರೆದ ಕೋಡ್ ಬೆರಳಿಗೆ ಬಗ್ಗುವುದಿಲ್ಲ.

ಮೊದಲನೆಯದಕ್ಕೂ ಮೂರನೆಯದಕ್ಕೂ ಒಂದೇ ಮದ್ದು, ‘ಪಾಯಿಂಟರ್ ಇವೆಂಟ್ಸ್’. ಮೌಸ್, ಬೆರಳು, ಪೆನ್ ಮೂರನ್ನೂ ಒಂದೇ ರೀತಿ ನೋಡುವ ವ್ಯವಸ್ಥೆ ಇದು. 2019ರಲ್ಲಿ ಸಫಾರಿಯೂ ಸೇರಿಕೊಂಡ ಮೇಲೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಸಿಗುತ್ತಿದೆ. ಇದರಲ್ಲಿರುವ ‘ಪಾಯಿಂಟರ್ ಕ್ಯಾಪ್ಚರ್’ ಬಳಸಿದರೆ ಬೆರಳೋ ಮೌಸೋ ಎಲ್ಲಿಗೇ ಹೋದರೂ ಸುದ್ದಿ ಹಿಡಿಗೇ ಬರುತ್ತದೆ. ಹಿಡಿಗೆ ‘ಟಚ್-ಆ್ಯಕ್ಷನ್: ನನ್’ ಎಂದೂ ಬರೆಯಬೇಕು. ಇಲ್ಲದಿದ್ದರೆ ಪೆಟ್ಟಿಗೆಯ ಬದಲು ಇಡೀ ಪುಟವೇ ಸರಿಯುತ್ತದೆ.

ಕನ್ನಡ ಬಂದಾಗ ಲೆಕ್ಕ ಬದಲಾಗುತ್ತದೆ

ಇಲ್ಲಿಯವರೆಗಿನದು ಯಾವ ಟ್ಯುಟೋರಿಯಲ್‌ನಲ್ಲೂ ಸಿಗುತ್ತದೆ. ಸಿಗದಿರುವುದು, ಒಳಗೆ ಕನ್ನಡವಿದ್ದರೆ ಏನಾಗುತ್ತದೆ ಎಂಬುದು.

ನೇರಳೆ ಮಾರ್ಗದ ‘ಬೈಯಪ್ಪನಹಳ್ಳಿ’ಯನ್ನೇ ನೋಡಿ. ಈ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ, ಎರಡೂ ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರ ನೋಡಿ ಎತ್ತರ ನಿಗದಿ ಮಾಡಿ, ಹೊರಗೆ ಹೋದದ್ದನ್ನು ಮರೆಮಾಡಿದರೆ ಒತ್ತುಗಳು ಕತ್ತರಿಸಿಹೋಗಿ ಅದು ‘ಬೈಯಪನಹಳಿ’ ಆಗುತ್ತದೆ. ಊರ ಹೆಸರಾದರೆ ಹೇಗೋ ಊಹಿಸಬಹುದು. ಖಾತೆದಾರರ ಹೆಸರಾದರೆ?

ಅಗಲದ್ದು ಇನ್ನೊಂದು ಕತೆ. ಪೆಟ್ಟಿಗೆ ಇದಕ್ಕಿಂತ ಕಿರಿದಾಗಬಾರದು ಎಂದು ಮಿತಿ ಹಾಕುವಾಗ ಹಲವರು ‘ಸಿಎಚ್’ ಎಂಬ ಅಳತೆ ಬಳಸುತ್ತಾರೆ. ಒಂದು ಸಿಎಚ್ ಅಂದರೆ ಆ ಫಾಂಟಿನ ಸೊನ್ನೆಯ ಅಗಲ. ಕನ್ನಡದ ಬಹುತೇಕ ಅಕ್ಷರಗಳು ಅದಕ್ಕಿಂತ ಅಗಲ. ಹಾಗಾಗಿ 20 ಸಿಎಚ್ ಪೆಟ್ಟಿಗೆಯಲ್ಲಿ 20 ಕನ್ನಡ ಅಕ್ಷರ ಹಿಡಿಯುವುದಿಲ್ಲ.

ಜೊತೆಗೆ ನಮ್ಮ ಪದಗಳೂ ಉದ್ದ. ‘ವಿಲೇವಾರಿಯಾಗದಿದ್ದುದರಿಂದ’ ಎಂಬುದು ಸರ್ಕಾರಿ ಕನ್ನಡದಲ್ಲಿ ಒಂದೇ ಪದ. ಫ್ಲೆಕ್ಸ್ ವಿನ್ಯಾಸದಲ್ಲಿ ಪೆಟ್ಟಿಗೆ ಸಾಮಾನ್ಯವಾಗಿ ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಸರಾಗವಾಗಿ ಸರಿಯುತ್ತಿದ್ದ ಗೋಡೆ ಕನ್ನಡ ಹಾಕಿದ ಕೂಡಲೇ ನಡುವೆ ನಿಂತುಬಿಡುತ್ತದೆ. ‘ಕನ್ನಡ ಹಾಕಿದ್ರೆ ಲೇಔಟ್ ಒಡೆಯುತ್ತೆ’ ಎಂಬ ಮಾತು ಹುಟ್ಟುವುದು ಇಂಥ ಕಡೆಯೇ. ಒಡೆದದ್ದು ಕನ್ನಡದಿಂದಲ್ಲ, ಕನ್ನಡ ಹಾಕಿ ಪರೀಕ್ಷಿಸದೇ ಇದ್ದದ್ದರಿಂದ. ಗೋಡೆ ಸರಿಯಲು ‘ಮಿನ್-ವಿಡ್ತ್: ಸೊನ್ನೆ’ ಎಂದು ಬರೆದು, ಕನ್ನಡದ ಉದ್ದ ಪದ ಹಿಡಿಸುವಷ್ಟು ಕನಿಷ್ಠ ಅಗಲವನ್ನು ಎಳೆಯುವ ಲೆಕ್ಕದಲ್ಲೇ ಇಡುವುದು ಒಂದು ಪರಿಹಾರ. ಎತ್ತರವನ್ನು ಬಿಗಿಯದೆ ಸಾಲುಗಳ ನಡುವೆ ಜಾಗ ಬಿಡುವುದು ಇನ್ನೊಂದು.

ಎಳೆಯಲಾಗದವರು ಏನು ಮಾಡಬೇಕು?

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಒತ್ತಿ ಹಿಡಿದು, ಬಿಡದೆ ಸರಿಸಿ, ಸರಿಯಾದ ಜಾಗದಲ್ಲಿ ಬಿಡುವುದು ಎಲ್ಲರ ಕೈಯಿಂದ ಆಗುವ ಕೆಲಸವಲ್ಲ. ಪಾರ್ಕಿನ್ಸನ್ ಇರುವವರಿಗೆ, ಸಂಧಿವಾತದವರಿಗೆ, ಒಂದೇ ಬೆರಳು ಆಡುವವರಿಗೆ ಅದು ಬೆಟ್ಟ ಹತ್ತಿದ ಹಾಗೆ.

ವೆಬ್‌ನ ಅಂತರರಾಷ್ಟ್ರೀಯ ಸುಗಮ್ಯತಾ ಮಾನದಂಡ ಡಬ್ಲ್ಯುಸಿಎಜಿ 2.2, 2023ರ ಅಕ್ಟೋಬರ್‌ನಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಎಳೆದು ಮಾಡುವ ಯಾವುದೇ ಕೆಲಸವನ್ನು ಎಳೆಯದೆ, ಬರೀ ಕ್ಲಿಕ್ ಮಾಡಿಯೂ ಮಾಡುವಂತಿರಬೇಕು. ಒತ್ತುವ ಜಾಗ ಸಾಮಾನ್ಯವಾಗಿ 24ಕ್ಕೆ 24 ಪಿಕ್ಸೆಲ್‌ಗಿಂತ ಚಿಕ್ಕದಿರಬಾರದು. ಅಂದರೆ ಹಿಡಿಯ ಪಕ್ಕ ‘ದೊಡ್ಡದು’, ‘ಚಿಕ್ಕದು’ ಎಂಬ ಎರಡು ಬಟನ್ ಸಾಕು. ಕೀಬೋರ್ಡಿನ ಬಾಣದ ಕೀಲಿಗಳಿಗೂ ಗೋಡೆ ಸರಿಯಬೇಕು, ಆದರೆ ಅದು ಬಟನ್‌ಗೆ ಬದಲಿ ಅಲ್ಲ. ಹಿಡಿಗೆ ‘ಸೆಪರೇಟರ್’ ಎಂಬ ಪಾತ್ರ, ಒಂದು ಹೆಸರು, ಈಗಿನ ಅಳತೆ ಕೊಟ್ಟರೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ.

ನಮ್ಮ ಕಾನೂನೂ ಇದೇ ಕಡೆಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನದ ಸುಗಮ್ಯತೆಯನ್ನು ಒಳಗೊಂಡಿದೆ. 2025ರ ಏಪ್ರಿಲ್ 30ರಂದು ಪ್ರಗ್ಯಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಆ್ಯಸಿಡ್ ದಾಳಿಯಿಂದ ಬದುಕುಳಿದವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಕೆವೈಸಿಯಿಂದ ಹೊರಗುಳಿದದ್ದು ಆ ಪ್ರಕರಣದ ಹಿನ್ನೆಲೆ. ‘ಎಲ್ಲರೂ ಕಣ್ಣು ಮಿಟುಕಿಸುತ್ತಾರೆ’ ಎಂಬ ಊಹೆಗೂ ‘ಎಲ್ಲರೂ ಮೌಸ್ ಎಳೆಯುತ್ತಾರೆ’ ಎಂಬ ಊಹೆಗೂ ಏನು ವ್ಯತ್ಯಾಸ? ಎರಡೂ ಒಂದೇ ಥರದ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೋಡ್‌ಗಳೇ.

ಹಲಸೂರಿನಿಂದ ಕೆ.ಆರ್. ಪುರದವರೆಗೆ ನಮ್ಮ ಊರಿನ ಈ ಪೂರ್ವಭಾಗದಲ್ಲಿ ವೆಬ್ ಕಟ್ಟುವ ಕೈಗಳಿಗೇನೂ ಕೊರತೆಯಿಲ್ಲ. ಇದಕ್ಕೆ ಹೊಸ ಬಜೆಟ್ ಬೇಡ, ಸಮಿತಿಯೂ ಬೇಡ. ಮುಂದಿನ ಬಾರಿ ಪೆಟ್ಟಿಗೆಯೊಂದನ್ನು ಕಟ್ಟುವಾಗ ಒಳಗೆ ‘ವಿಲೇವಾರಿಯಾಗದಿದ್ದುದರಿಂದ’ ಎಂದು ಟೈಪ್ ಮಾಡಿ ನೋಡಿ. ಮೌಸ್ ಮುಟ್ಟದೆ ಅದನ್ನು ದೊಡ್ಡದು ಮಾಡಲು ಆಗುತ್ತದಾ ನೋಡಿ. ಆಗದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ.