ಥಂಡ್ಯಾಗೋ, ಬಿಸಿ ಆದಾಗೋ?

ಸಂಕ್ರಾಂತಿ ಮುಗಿದು ವಾರವಾಗಿದೆ. ಉಣಕಲ್ ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಚಿಗರಿ ಬಸ್ಸುಗಳು ತಮ್ಮ ಪ್ರತ್ಯೇಕ ಹಾದಿಯಲ್ಲಿ ದೀಪ ಉರಿಸಿಕೊಂಡೇ ಧಾರವಾಡದತ್ತ ಸಾಗಿವೆ. ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಕ್ಕೆ ತಿರುಗಿದ ಓಣಿಯೊಂದರಲ್ಲಿ ಗ್ಯಾರೇಜಿನ ಶಟರ್ ಗಡಗಡ ಸದ್ದು ಮಾಡುತ್ತ ಮೇಲೇಳುತ್ತದೆ. ಗೋಡೆಯ ಮೇಲಿನ ಸಿದ್ಧಾರೂಢರ ಪಟಕ್ಕೆ ಊದಿನಕಡ್ಡಿ ಬೆಳಗಿ, ಐಟಿಐ ಮುಗಿಸಿ ಬಂದ ಹುಡುಗ ಪಾನಾಗಳನ್ನು ಅಳತೆಯ ಪ್ರಕಾರ ಹಲಗೆಯ ಮೇಲೆ ಸಾಲಾಗಿ ಇಡುತ್ತಾನೆ. ಎಂಟು ಗಂಟೆಗೆ ಮೊದಲೇ ಬಾಗಿಲಲ್ಲಿ ಒಂದು ಗಾಡಿ ನಿಂತಿದೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನವಲಗುಂದದಿಂದ ಎಳೆದು ತಂದ ಡೀಸೆಲ್ ಗಾಡಿ. ಚಕ್ರಗಳಿಗೆಲ್ಲ ಎರೆಮಣ್ಣು ಮೆತ್ತಿದೆ.

"ರಾತ್ರಿ ನಿಂದರಿಸಿದ್ರ ಮುಂಜಾನಿ ಏಳಂಗಿಲ್ರೀ ಮಿಸ್ತ್ರಿ. ಒಮ್ಮೆ ಎದ್ದಿತಂದ್ರ ದಿನಾಪೂರ್ತಿ ಏನೂ ತಕರಾರಿಲ್ಲ."

ಮಿಸ್ತ್ರಿ ಬಾನೆಟ್ ಎತ್ತುವುದಿಲ್ಲ. ಮೊದಲು ಕೇಳುತ್ತಾನೆ. ಥಂಡ್ಯಾಗೋ, ಬಿಸಿ ಆದಾಗೋ? ಎಷ್ಟು ದಿನಾ ಆತು? ಅದಕ್ಕ ಮೊದಲ ಏನರ ಕೆಲಸ ಮಾಡಿಸಿದ್ರೇನು? ಸ್ಟಾರ್ಟ್ ಆಗದ ಗಾಡಿಯ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವೇ. ಉತ್ತರದಲ್ಲೇ ಅರ್ಧ ಪತ್ತೆ ಇರುತ್ತದೆ. ಎರೆಯ ಸೀಮೆಯ ಗಾಡಿಗಳು ಧೂಳು ನುಂಗಿ ಬರುತ್ತವೆ. ಕಲಘಟಗಿ ಕಡೆಯ ಮಲೆನಾಡ ಸೆರಗಿನವು ತೇವ ಹಿಡಿದು ಬರುತ್ತವೆ. ಎರಡಕ್ಕೂ ನಡುವೆ ಇರುವ ಊರಿನ ಮಿಸ್ತ್ರಿಗೆ ಗಾಡಿ ಎಲ್ಲಿಯದು ಎಂದು ತಿಳಿಯುವುದೂ ಪರೀಕ್ಷೆಯ ಒಂದು ಭಾಗ.

"ಹಂಗಾರ ಒಮ್ಮೆ ಸೆಲ್ಫ್ ಹೊಡೀರಿ." ರೈತ ಕೀಲಿ ತಿರುಗಿಸುತ್ತಾನೆ. ಮಿಸ್ತ್ರಿ ತಲೆ ಬಗ್ಗಿಸಿ ಕಿವಿಗೊಡುತ್ತಾನೆ. ಈ ಸದ್ದಿನಲ್ಲಿ ಬಗೆಗಳಿವೆ. "ಟಕ್" ಎಂದು ಒಂದೇ ಏಟು ಬಿದ್ದು ಸುಮ್ಮನಾದರೆ ಸ್ಟಾರ್ಟರ್ ಮೋಟಾರನ್ನೋ ಅದರ ಸೊಲೆನಾಯ್ಡನ್ನೋ ನೋಡಬೇಕು. "ಟಕಟಕಟಕ" ಎಂದು ಬಡಿದುಕೊಂಡರೆ ಬ್ಯಾಟರಿಯ ಶಕ್ತಿ ಸಾಲುತ್ತಿಲ್ಲ, ಇಲ್ಲವೇ ದಾರಿಯಲ್ಲಿ ಸೋರುತ್ತಿದೆ. ಮೋಟಾರು ಸುಯ್ಯೆಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ ಹಲ್ಲುಗಳು ಕೂಡುತ್ತಿಲ್ಲ. ತಿರುಗುವಿಕೆಯ ಲಯವೇ ತಪ್ಪಿ ಒಂದು ಬಡಿತ ಹಗುರಾಗಿ ಕೇಳಿದರೆ ಒಂದು ಸಿಲಿಂಡರಿನಲ್ಲಿ ಕಂಪ್ರೆಶನ್ ಇಲ್ಲ. ಈ ಗಾಡಿ ಮಾತ್ರ "ಗುರ್ ಗುರ್ ಗುರ್" ಎಂದು ಒಂದೇ ಸಮ ತಿರುಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ.

ಹುಡುಗ ಬ್ಯಾಟರಿಗೆ ಮೀಟರ್ ಹಚ್ಚುತ್ತಾನೆ. ಸುಮ್ಮನಿದ್ದಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಬ್ಯಾಟರಿಯ ತಪ್ಪಿಲ್ಲ. ಚಳಿಯಲ್ಲಿ ಮೊದಲ ಸಂಶಯ ಬ್ಯಾಟರಿಯ ಮೇಲೆಯೇ ಬರುತ್ತದೆ. ಬೇಸಿಗೆಯ ಬಿಸಿ ಅದರ ಒಳಗಿನ ಫಲಕಗಳನ್ನು ಸವೆಸಿರುತ್ತದೆ, ಥಂಡಿ ಬಂದಾಗ ಆ ಸವಕಳಿ ಬಯಲಾಗುತ್ತದೆ. ಆದರೆ ಸಂಶಯ ಬಂತೆಂದು ಬಿಚ್ಚುವಂತಿಲ್ಲ. ಅಳೆದು ನೋಡಬೇಕು.

"ಲೇ ತಮ್ಮಾ, ಸೈಲೆನ್ಸರ್‌ನ್ಯಾಗ ಹೊಗಿ ಬರ್ತೈತೇನು ನೋಡು."

"ಏನೂ ಇಲ್ಲ ಉಸ್ತಾದ."

ಈ ಒಂದು ಮಾತು ಇಡೀ ಹುಡುಕಾಟದ ದಿಕ್ಕು ತಿರುಗಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವೇ ಎಣ್ಣೆಯನ್ನು ಹೊತ್ತಿಸಬೇಕು. ಥಂಡಿಯಲ್ಲಿ ಆ ಕಾವಿಗೆ ನೆರವಾಗಲು ಹೀಟರ್ ಪ್ಲಗ್ ಇರುತ್ತವೆ. ಹೀಟರ್ ಪ್ಲಗ್ ಕೆಟ್ಟಿದ್ದರೆ ಒಳಗೆ ಬಿದ್ದ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬರುತ್ತಿತ್ತು. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ಒಳಗೆ ಹೋಗುತ್ತಿಲ್ಲ. ಮಿಸ್ತ್ರಿ ಫಿಲ್ಟರ್ ಮೇಲಿನ ಕೈಪಂಪನ್ನು ಒತ್ತುತ್ತಾನೆ. ಮೊದಲು ಮೆತ್ತಗೆ, ಬರಬರುತ್ತ ಗಟ್ಟಿ. ಮತ್ತೆ ಸೆಲ್ಫ್ ಹೊಡೆಯುತ್ತಿದ್ದಂತೆ ಗಾಡಿ ಒಂದೇ ಏಟಿಗೆ ಎದ್ದು ನಡುಗುತ್ತದೆ. "ಗಾಳಿ ಹಿಡದೈತಿ ಕಾಕಾ. ರಾತ್ರಿ ಡೀಸೆಲ್ ಹೊಳ್ಳಿ ಟಾಕಿಗೆ ಇಳೀತೈತಿ."

ಗಾಳಿ ಎಲ್ಲಿಂದ ಹೊಕ್ಕಿತು? ಟ್ಯಾಂಕಿನಿಂದ ಬರುವ ಕೊಳವೆಯ ನಡುವೆ ಪಾರದರ್ಶಕ ನಳಿಕೆಯ ಒಂದು ತುಣುಕು ಸೇರಿಸಿ ನೋಡುತ್ತಾರೆ. ಫಿಲ್ಟರಿಗೆ ಮೊದಲು ಸೇರಿಸಿದಾಗ ಡೀಸೆಲ್ ತಿಳಿಯಾಗಿ ಹರಿಯುತ್ತದೆ. ಫಿಲ್ಟರ್ ದಾಟಿದ ಮೇಲೆ ಸಣ್ಣ ಗುಳ್ಳೆಗಳ ಸಾಲು. ಫಿಲ್ಟರ್ ಬಿಚ್ಚಿದರೆ ಹಳೆಯ ರಬ್ಬರ್ ಬಳೆ ಚಪ್ಪಟೆಯಾಗಿ, ಓರೆಯಾಗಿ ಕೂತಿದೆ. ಹೊರಗೆ ಒಂದು ಹನಿ ಡೀಸೆಲ್ ಸೋರಿಲ್ಲ, ಗಾಳಿ ಮಾತ್ರ ಒಳಗೆ ಹೋಗಿದೆ. ಇಂಜೆಕ್ಟರ್ ಬದಲಿಸಬೇಕಾದೀತು ಎಂದು ಊರಲ್ಲಿ ಹೆದರಿಸಿ ಕಳಿಸಿದ್ದರಂತೆ. ಬಳೆ ಬದಲಾದ ಮೇಲೂ ಮಿಸ್ತ್ರಿ ಗಾಡಿ ಒಯ್ಯಲು ಬಿಡುವುದಿಲ್ಲ. "ಇವತ್ತ ರಾತ್ರಿ ಇಲ್ಲೇ ಇರಲಿ. ನಾಳಿ ಮುಂಜಾನಿ ಥಂಡ್ಯಾಗ ಎದ್ದರ ಕೆಲಸ ಆತು ಅಂತ ಹೇಳ್ತೀನಿ." ಯಾವ ಹೊತ್ತಿನಲ್ಲಿ ದೋಷ ಕಂಡಿತೋ ಅದೇ ಹೊತ್ತಿನಲ್ಲಿ ಅದು ಹೋಗಿದೆಯೆಂದು ತೋರಿಸುವುದು ಒಳ್ಳೆಯ ಕೆಲಸಗಾರನ ನಿಯಮ.

ಬಿಸಿಲು ಏರುತ್ತದೆ. ಬೆಳಗಿನ ಸ್ವೆಟರ್‌ಗಳು ಮೊಳೆಗೆ ನೇತುಬಿದ್ದಿವೆ. ಗಿರಮಿಟ್ಟಿನ ಪೊಟ್ಟಣ, ಮಿರ್ಚಿ, ಚಹಾ ಬಂದು ಹೋದ ಹೊತ್ತಿಗೆ ಇನ್ನೊಂದು ಸರತಿ. ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊಡೆಯುವ ತರುಣನ ಪೆಟ್ರೋಲ್ ಕಾರು. ಇವನ ದೂರು ಬೆಳಗಿನದಕ್ಕೆ ಪೂರಾ ತಿರುಗುಮುರುಗು. "ಮುಂಜಾನಿ ಮುಟ್ಟಿದ ಕೂಡ್ಲೇ ಏಳ್ತೈತಿ ಅಣ್ಣಾ. ಬಿಸಿ ಆದ್ಮ್ಯಾಲೆ ಬಂದ್ ಮಾಡಿದ್ರ ಅರ್ಧಾ ತಾಸು ಏಳಂಗಿಲ್ಲ."

ಕಾರ್ಬುರೇಟರ್ ಕಾಲದಲ್ಲಾಗಿದ್ದರೆ ಇದಕ್ಕೆ ಬೇರೆ ಉತ್ತರವಿತ್ತು. ಕಾದ ಎಂಜಿನ್ನಿನ ಬಳಿ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಪಂಪಿಗೆ ಸಿಗುತ್ತಿರಲಿಲ್ಲ. ಅಂಬಾಸಿಡರ್ ಓಡಿಸುತ್ತಿದ್ದವರು ಘಟ್ಟದಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಆ ಕಾರಿನ ಮುಂದೆ ಹ್ಯಾಂಡಲ್ ತೂರಿಸುವ ತೂತೂ ಇತ್ತು. ಅದಕ್ಕೂ ಬಹಳ ಮೊದಲು, ಕೈಯಿಂದ ಹ್ಯಾಂಡಲ್ ಹೊಡೆಯುವಾಗ ಅದು ಹಿಂದಕ್ಕೆ ಒದ್ದು ಎಲುಬು ಮುರಿಯುತ್ತಿದ್ದ ಕಾಲದಲ್ಲಿ, ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲೂ ಥಂಡಿ ದಿನಕ್ಕೆಂದು ಚೋಕ್ ಎಳೆಯಬೇಕಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾದಂತೆ ಕಾರ್ಬುರೇಟರ್ ಸರಿದು ಇಂಜೆಕ್ಟರ್ ಬಂತು, ಅದನ್ನು ಆಳುವ ಕಂಪ್ಯೂಟರ್ ಬಂತು. ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಎಂದು ಅದು ಸೆನ್ಸರ್‌ಗಳನ್ನು ಕೇಳಿ ತೀರ್ಮಾನಿಸುತ್ತದೆ.

ಹುಡುಗ ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾನೆ. ಪಿ0335. ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಸರ್ಕ್ಯೂಟಿನ ತಕರಾರು. "ತಂದು ಹಾಕಿಬಿಡೂಣು?" ಎನ್ನುತ್ತಾನೆ. ಮಿಸ್ತ್ರಿ ತಡೆಯುತ್ತಾನೆ. "ಕೋಡ್ ಓಣಿ ಹೇಳ್ತೈತಿ, ಮನಿ ನಾವ ಹುಡುಕಬೇಕು."

ಆ ಓಣಿಯಲ್ಲಿ ಸೆನ್ಸರ್ ಇದೆ, ವೈರ್ ಇದೆ, ಕನೆಕ್ಟರ್ ಇದೆ. ಹಾಗಾಗಿ ಕಾರನ್ನು ಬಿಸಿಯಾಗುವ ತನಕ ಓಡಿಸಿ ನಿಲ್ಲಿಸುತ್ತಾರೆ. ಈಗ ಸೆಲ್ಫ್ ಹೊಡೆದರೆ ಏಳುವುದಿಲ್ಲ. ಕೀಲಿ ತಿರುವಿದಾಗ ಹಿಂದಿನ ಸೀಟಿನ ಕೆಳಗಿಂದ ಪೆಟ್ರೋಲ್ ಪಂಪಿನ ಗುಂಯ್‌ ಸದ್ದು ಎರಡು ಸೆಕೆಂಡ್ ಕೇಳಿ ನಿಲ್ಲುತ್ತದೆ, ಪಂಪು ಸರಿ. ಎಂಜಿನ್ ಕಣ್ಣೆದುರಿಗೇ ತಿರುಗುತ್ತಿದ್ದರೂ ಸ್ಕ್ಯಾನರ್ ಪರದೆಯಲ್ಲಿ ಆರ್‌ಪಿಎಂ ಸೊನ್ನೆ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಕಂಪ್ಯೂಟರಿಗೆ ಮುಟ್ಟದಾಗ ಅದು ಕಿಡಿಯನ್ನೂ ಕೊಡದು, ಪೆಟ್ರೋಲನ್ನೂ ಬಿಡದು. ವೈರು ತುದಿಯಿಂದ ತುದಿಗೆ ಗಟ್ಟಿಯಾಗಿದೆ. ಸೆನ್ಸರಿನ ಮೇಲೆ ತಣ್ಣೀರಿನ ಬಟ್ಟೆ ಒತ್ತಿ ಹಿಡಿದ ಸ್ವಲ್ಪ ಹೊತ್ತಿಗೆ ಪರದೆಯ ಅಂಕಿ ಏಳುತ್ತದೆ, ಜೊತೆಗೇ ಕಾರೂ ಏಳುತ್ತದೆ. ಒಳಗಿನ ಸೂಕ್ಷ್ಮ ತಂತಿಯ ಸುರುಳಿ ಎಲ್ಲೋ ಸೀಳಿದೆ. ಕಾದು ಹಿಗ್ಗಿದಾಗ ಬಿಡುತ್ತದೆ, ತಣಿದಾಗ ಕೂಡುತ್ತದೆ. ಈಗ ಹೊಸ ಸೆನ್ಸರ್ ತರಿಸಲು ಹುಡುಗನಿಗೆ ಅಪ್ಪಣೆ ಸಿಗುತ್ತದೆ.

ಇಳಿಹೊತ್ತಿಗೆ ಧಾರವಾಡದಿಂದ ಫೋನು. ನಿವೃತ್ತ ಶಾಲಾ ಶಿಕ್ಷಕಿ, ವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವವರು. ಮಿಸ್ತ್ರಿ ಅವರ ಮನೆಗೇ ಹೋಗುತ್ತಾನೆ. ಮಾವಿನ ಮರದ ನೆರಳಿನಲ್ಲಿ ನಿಂತ ಕಾರು. ದೀಪ ಬೆಳಗುತ್ತದೆ, ಹಾರ್ನ್ ಆಗುತ್ತದೆ, ಕೀಲಿ ತಿರುವಿದರೆ ಮಾತ್ರ "ಟಕಟಕ". "ಹೊಸಾ ಬ್ಯಾಟರಿ ಹಾಕ್ಸಬೇಕು ಅಂತಾರಪಾ," ಎನ್ನುತ್ತಾರೆ ಅವರು.

"ತಡೀರಿ ಅಕ್ಕಾರ, ನೋಡೂಣು." ಮಳೆಗಾಲ ಕಳೆದ ಧಾರವಾಡದಲ್ಲಿ ಮೊದಲು ಇಲಿ ಕಡಿದ ವೈರ್ ಹುಡುಕುತ್ತಾನೆ. ಇಲ್ಲ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, ತುಂಬಿದ ಬ್ಯಾಟರಿ. ಆಮೇಲೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಡ್ಡಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೂ ಒತ್ತಿ ಸೆಲ್ಫ್ ಹೊಡೆಸುತ್ತಾನೆ. ದಾರಿ ಶುದ್ಧವಾಗಿದ್ದರೆ ಅಲ್ಲಿ ಕಾಲು ವೋಲ್ಟೂ ಕಾಣಬಾರದು. ಇಲ್ಲಿ ಒಂದು ವೋಲ್ಟಿಗೂ ಮಿಕ್ಕಿ ಕಾಣುತ್ತದೆ. ದೀಪಕ್ಕೆ ಬೇಕಾದ ಸಣ್ಣ ಕರೆಂಟು ಆ ಕೆಟ್ಟ ದಾರಿಯಲ್ಲಿ ಹೇಗೋ ನುಸುಳುತ್ತದೆ. ಸ್ಟಾರ್ಟರಿಗೆ ನೂರಾರು ಆಂಪಿಯರ್ ಬೇಕು, ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅರ್ಥಿಂಗ್ ಪಟ್ಟಿಯ ಬೋಲ್ಟಿನ ಕೆಳಗೆ ಹಸಿರುಬಿಳಿ ಪುಡಿ ಕಟ್ಟಿದೆ. ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು ಕೂರಿಸುತ್ತಾನೆ. ಕಾರು ಎದ್ದ ಮೇಲೆ ಮೀಟರಿನಲ್ಲಿ 14.1. ಚಾರ್ಜಿಂಗೂ ಸರಿಯಿದೆ. ಹಳೆಯ ಬ್ಯಾಟರಿಗೆ ಇನ್ನೂ ಆಯುಷ್ಯವಿದೆ.

ದಿನದಲ್ಲಿ ಮೂರು ಗಾಡಿ, ಮೂವರ ದೂರೂ ಒಂದೇ: ಏಳಂಗಿಲ್ಲ. ಒಂದರಲ್ಲಿ ಗಾಳಿ, ಒಂದರಲ್ಲಿ ಬಿಸಿ, ಒಂದರಲ್ಲಿ ಕಿಲುಬು. ಊಹೆಯ ಮೇಲೆ ಹೋಗಿದ್ದರೆ ಇಂಜೆಕ್ಟರ್, ಪೆಟ್ರೋಲ್ ಪಂಪು, ಬ್ಯಾಟರಿ ಮೂರೂ ಬದಲಾಗಿ, ದೋಷ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಆದರೆ ಇಂಥ ಕೆಲಸಕ್ಕೆ ನಾವು ಕೊಡುವುದೇನು? ಸಾಮಾನಿನ ಬೆಲೆಯನ್ನು ತಕರಾರಿಲ್ಲದೆ ಕೊಡುತ್ತೇವೆ, ಬಿಚ್ಚಿ ಹಾಕಿದ ಕೂಲಿಯನ್ನು ಸ್ವಲ್ಪ ಚೌಕಾಸಿ ಮಾಡಿ ಕೊಡುತ್ತೇವೆ. ದೋಷ ಕಂಡುಹಿಡಿದದ್ದಕ್ಕೆ ರೊಕ್ಕ ಕೇಳಿದರೆ, "ಬರೇ ನೋಡಿದ್ದಕ್ಕೂ ರೊಕ್ಕೇನು?" ಎಂದು ಹುಬ್ಬೇರಿಸುತ್ತೇವೆ. ಸಾಮಾನು ಹಾಕಿದರೆ ಮಾತ್ರ ಹೊಟ್ಟೆ ತುಂಬುತ್ತದೆ ಎಂದಾದ ಮೇಲೆ, ಹೆಚ್ಚು ಸಾಮಾನು ಹಾಕುವವನು ಬೆಳೆಯುತ್ತಾನೆ, ಸರಿಯಾಗಿ ಹುಡುಕುವವನು ಸೊರಗುತ್ತಾನೆ. ಈ ಪದ್ಧತಿಗೆ ನಾವೂ ಹೊಣೆ. ಗಾಡಿ ಏಳದಿದ್ದರೆ ಅದು ಯಾವ ಹೊತ್ತಿನಲ್ಲಿ, ಯಾವ ಸದ್ದು ಮಾಡಿ, ಎಂಥ ಹೊಗೆ ಬಿಟ್ಟು ಕೈಕೊಟ್ಟಿತೆಂದು ಗಮನಿಸಿ ಹೇಳುವುದು ನಮ್ಮ ಪಾಲಿನ ಕೆಲಸ. ಅದನ್ನು ಕೇಳಿ, ಅಳೆದು, ಕಾರಣವನ್ನು ಕಣ್ಣಿಗೆ ತೋರಿಸಿದ ಮಿಸ್ತ್ರಿಗೆ ಹುಡುಕಿದ ಕೂಲಿಯನ್ನು ಕೂಲಿಯೆಂದೇ, ಅವನು ಕೇಳುವ ಮೊದಲೇ ಕೊಡಬೇಕು.