ಅತಿಸ್ಥೂಲರು ತೂಕವನ್ನು ಎಷ್ಟು ವೇಗವಾಗಿ ಇಳಿಸಬಹುದು?

ನೂರು ಕಿಲೋ ದಾಟಿದ ಶರೀರವುಳ್ಳವರು ನಮ್ಮಲ್ಲಿಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ತಿಂಗಳಿಗೆ ಎಷ್ಟು ಕಿಲೋ ಇಳಿಸಬಹುದು?” ಕೆಲವರಿಗೆ ಮನೆಯಲ್ಲಿ ಮದುವೆ ಹತ್ತಿರವಿರುತ್ತದೆ. ಕೆಲವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ತೂಕ ತಗ್ಗಿಸಿಕೊಳ್ಳುವಂತೆ ವೈದ್ಯರು ಸೂಚಿಸಿರುತ್ತಾರೆ. ಇನ್ನು ಕೆಲವರು ನೆಂಟರೊಬ್ಬರು ಒಂದೇ ತಿಂಗಳಲ್ಲಿ ಹತ್ತು ಕಿಲೋ ಇಳಿಸಿದ ಸುದ್ದಿ ಕೇಳಿ ಬಂದಿರುತ್ತಾರೆ. ಪ್ರಶ್ನೆ ಸಹಜವಾದುದು. ಆದರೆ ಬಹುಕಾಲದಿಂದ ಸ್ಥೂಲವಾಗಿರುವ ಶರೀರವು ಹೊರನೋಟಕ್ಕೆ ದೃಢವಾಗಿ ತೋರಿದರೂ ಒಳಗೆ ದುರ್ಬಲವಾಗಿರುವುದುಂಟು. ಅಂಥ ಶರೀರವನ್ನು ಹಠಾತ್ತನೆ ಉಪವಾಸಕ್ಕೆ ಒಡ್ಡಿದರೆ ಹಾನಿಯೇ ಹೆಚ್ಚು. ಆದುದರಿಂದ ಎಷ್ಟು ಇಳಿಸಬೇಕು ಎಂಬುದರಷ್ಟೇ ಎಷ್ಟು ವೇಗದಲ್ಲಿ ಇಳಿಸಬೇಕು ಎಂಬುದೂ ಮುಖ್ಯವಾಗುತ್ತದೆ.

ಆಯುರ್ವೇದದ ನೋಟ

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವಾದ ‘ಅಷ್ಟೌನಿಂದಿತೀಯ’ದಲ್ಲಿ ಅತಿಸ್ಥೂಲತೆಯ ವಿಚಾರ ವಿಸ್ತಾರವಾಗಿ ಬಂದಿದೆ. ಅತಿಸ್ಥೂಲನ ಶರೀರದಲ್ಲಿ ಮೇದಸ್ಸು ಒಂದೇ ಬೆಳೆಯುತ್ತದೆ, ಉಳಿದ ಧಾತುಗಳಿಗೆ ಅದೇ ಪ್ರಮಾಣದ ಪೋಷಣೆ ದೊರೆಯುವುದಿಲ್ಲ ಎಂಬುದು ಆಚಾರ್ಯರ ಅಭಿಪ್ರಾಯ. ಆಯುಸ್ಸು ಕುಂದುವುದು, ದೌರ್ಬಲ್ಯ, ಅತಿಯಾದ ಬೆವರು, ಮಿತಿಮೀರಿದ ಹಸಿವು ಮತ್ತು ಬಾಯಾರಿಕೆ ಮೊದಲಾದ ಎಂಟು ದೋಷಗಳನ್ನು ಅವರು ಎಣಿಸಿದ್ದಾರೆ.

ಅದೇ ಅಧ್ಯಾಯದ ಇನ್ನೊಂದು ಮಾತನ್ನು ನಾವು ವಿಶೇಷವಾಗಿ ಗಮನಿಸಬೇಕು. ಮೇದಸ್ಸಿನಿಂದ ಮಾರ್ಗವು ಅಡ್ಡಗಟ್ಟಲ್ಪಟ್ಟ ವಾಯುವು ಕೋಷ್ಠದಲ್ಲಿಯೇ ಸಂಚರಿಸುತ್ತ ಅಗ್ನಿಯನ್ನು ಉದ್ದೀಪಿಸುತ್ತದೆ. ಆದುದರಿಂದ ಸ್ಥೂಲರಿಗೆ ಹಸಿವು ಬಲವಾಗಿರುತ್ತದೆ, ಊಟದ ಹೊತ್ತು ಮೀರಿದರೆ ಅವರು ತೀವ್ರವಾದ ವಿಕಾರಗಳಿಗೆ ಒಳಗಾಗಬಹುದು. ಇದಕ್ಕೆ ಚರಕರು ಹೇಳುವ ಉಪಾಯ ಹೊಟ್ಟೆಯನ್ನು ಬರಿದು ಬಿಡುವುದಲ್ಲ. ಗುರುವಾಗಿದ್ದೂ ಮೇದಸ್ಸನ್ನು ಬೆಳೆಸದ ಆಹಾರವನ್ನು ಕೊಡುವುದು. ಜವೆ, ಹೆಸರು, ಹುರುಳಿ, ಹಾರಕ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ವ್ಯಾಯಾಮವನ್ನಾಗಲಿ ಜಾಗರಣೆಯನ್ನಾಗಲಿ ಒಮ್ಮೆಲೇ ಹೇರದೆ ಕ್ರಮವಾಗಿ ಹೆಚ್ಚಿಸುತ್ತ ಹೋಗಬೇಕೆಂಬುದೂ ಅಲ್ಲಿನ ಉಪದೇಶ. ಇಂದಿನ ವೈದ್ಯವಿಜ್ಞಾನವು ಬೇರೆ ದಾರಿಯಿಂದ ಬಂದರೂ ಈ ವಿಷಯದಲ್ಲಿ ಇದೇ ನಿಲುವಿಗೆ ಬಂದಿದೆ.

ವಾರಕ್ಕೆ ಎಷ್ಟು?

ತೂಕವನ್ನು ಕಿಲೋಗಳಲ್ಲಿಯೂ ಎತ್ತರವನ್ನು ಮೀಟರುಗಳಲ್ಲಿಯೂ ಅಳೆದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ದೇಹದ್ರವ್ಯ ಸೂಚ್ಯಂಕ ದೊರೆಯುತ್ತದೆ. ಭಾರತೀಯರಲ್ಲಿ ಈ ಅಂಕಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲತೆ ಎಂದು ವೈದ್ಯರು ಪರಿಗಣಿಸುತ್ತಾರೆ. 165 ಸೆಂಟಿಮೀಟರ್ ಎತ್ತರ, 120 ಕಿಲೋ ತೂಕ ಇರುವವರ ಸೂಚ್ಯಂಕ ಸುಮಾರು 44 ಆಗುತ್ತದೆ. ನಾವು ಇಲ್ಲಿ ಅತಿಸ್ಥೂಲರು ಎನ್ನುವುದು ಇಂಥವರನ್ನು.

ಸಾಮಾನ್ಯರಿಗೆ ಹೇಳುವ ಸುರಕ್ಷಿತ ಪ್ರಮಾಣ ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ. ಅತಿಸ್ಥೂಲರಿಗೆ ಇದನ್ನು ಅವರವರ ತೂಕದ ಶೇಕಡಾ ಲೆಕ್ಕದಲ್ಲಿ ನೋಡುವುದು ಹೆಚ್ಚು ಉಚಿತ. ವಾರಕ್ಕೆ ದೇಹತೂಕದ ಶೇಕಡಾ ಅರ್ಧದಿಂದ ಶೇಕಡಾ 1ರವರೆಗಿನ ಇಳಿಕೆಯನ್ನು ಯೋಗ್ಯವೆಂದು ತಿಳಿಯಬಹುದು. 120 ಕಿಲೋ ಇರುವವರಿಗೆ ಇದು ವಾರಕ್ಕೆ 600 ಗ್ರಾಮಿನಿಂದ 1 ಕಿಲೋ 200 ಗ್ರಾಂ. ಅವರೇ 90 ಕಿಲೋಗೆ ಇಳಿದಾಗ ಮೇಲಿನ ಮಿತಿಯು 900 ಗ್ರಾಮಿಗೆ ಇಳಿಯುತ್ತದೆ. ಶೇಕಡಾ 1 ಎಂಬುದು ದಾಟಬಾರದ ಗೆರೆಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ.

ಭಾರವಾದ ಶರೀರವು ಕುಳಿತಿದ್ದರೂ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ಆದ್ದರಿಂದ ಆಹಾರದಲ್ಲಿ ಅಲ್ಪ ಬದಲಾವಣೆ ಮಾಡಿದರೂ ಆರಂಭದಲ್ಲಿ ತೂಕ ಬೇಗ ಇಳಿಯುತ್ತದೆ, ಶರೀರ ಹಗುರವಾದಂತೆ ವೇಗವೂ ತಗ್ಗುತ್ತದೆ. ಇದು ಸೋಲಿನ ಲಕ್ಷಣವಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಸೇವಿಸಿದರೆ ವಾರಕ್ಕೆ ಕರಗುವ ಕೊಬ್ಬು ಸುಮಾರು 450 ಗ್ರಾಂ ಮಾತ್ರ. ಈ ಲೆಕ್ಕ ತಿಳಿದವರು ವಾರಕ್ಕೆ ಐದು ಕಿಲೋ ಕೊಬ್ಬು ಕರಗಿಸುತ್ತೇವೆಂಬ ಜಾಹೀರಾತುಗಳಿಗೆ ಮರುಳಾಗಲಾರರು.

ಹಾಗಾದರೆ ಮೊದಲ ವಾರದಲ್ಲಿಯೇ ಎರಡು ಮೂರು ಕಿಲೋ ಇಳಿಯುವುದು ಹೇಗೆ? ಅದರಲ್ಲಿ ಬಹುಭಾಗ ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೊಜನ್ ಎಂಬ ಪಿಷ್ಟಪದಾರ್ಥವು ತನ್ನೊಡನೆ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಹಾರ ತಗ್ಗಿದಾಗ ಮೊದಲು ಅದು ಖರ್ಚಾಗುತ್ತದೆ, ನೀರು ಮೂತ್ರದಲ್ಲಿ ಹೊರಹೋಗುತ್ತದೆ. ಹಬೆಸ್ನಾನದಿಂದ ಅಥವಾ ಭೇದಿಯ ಚೂರ್ಣದಿಂದ ಇಳಿಯುವ ತೂಕವೂ ನೀರೇ. ಭೇದಿಯಲ್ಲಿ ನೀರಿನೊಡನೆ ಹೃದಯಕ್ಕೆ ಅತ್ಯಗತ್ಯವಾದ ಪೊಟ್ಯಾಸಿಯಂ ಕೂಡ ನಷ್ಟವಾಗುತ್ತದೆ. ವಿರೇಚನವು ವೈದ್ಯರು ನಾಡಿ, ಬಲ, ಕಾಲಗಳನ್ನು ನೋಡಿ ಮಾಡಿಸುವ ಶೋಧನಕರ್ಮ. ಅದನ್ನು ತೂಕ ಇಳಿಸುವ ಮನೆಮದ್ದಾಗಿ ಬಳಸತಕ್ಕದ್ದಲ್ಲ.

ಅವಸರದಿಂದಾಗುವ ಹಾನಿ

ಮೊದಲನೆಯದು ಪಿತ್ತಕೋಶದ ಕಲ್ಲು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸುವವರಲ್ಲಿ ಈ ಸಂಭವ ಹೆಚ್ಚು. ಕೊಬ್ಬು ಶೀಘ್ರವಾಗಿ ಕರಗುವಾಗ ಯಕೃತ್ತು ಪಿತ್ತದೊಳಕ್ಕೆ ಹೆಚ್ಚು ಕೊಲೆಸ್ಟರಾಲನ್ನು ಬಿಡುತ್ತದೆ. ಊಟವಿಲ್ಲದ್ದರಿಂದ ಪಿತ್ತಕೋಶವು ಸಂಕುಚಿಸದೆ ಪಿತ್ತವು ಅಲ್ಲಿಯೇ ನಿಂತು ಹರಳುಗಟ್ಟುತ್ತದೆ. ಎರಡನೆಯದು ಮಾಂಸಧಾತುವಿನ ಕ್ಷಯ. ಸಾಕಷ್ಟು ಪ್ರೋಟೀನು ಮತ್ತು ವ್ಯಾಯಾಮವಿಲ್ಲದ ಉಪವಾಸದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ವಯಸ್ಸಾದವರಲ್ಲಿ ಹೀಗೆ ಕಳೆದ ಸ್ನಾಯುವನ್ನು ಮರಳಿ ಗಳಿಸುವುದು ಕಷ್ಟ. ಮೂರನೆಯದು ಯೂರಿಕ್ ಆಮ್ಲವು ಏರಿ ವಾತರಕ್ತದ ಸಂಧಿನೋವು ಕೆರಳುವುದು. ನಾಲ್ಕನೆಯದೂ ಅತ್ಯಂತ ಭಯಂಕರವಾದುದೂ ಹೃದಯದ ಲಯ ತಪ್ಪುವುದು.

ಇದಕ್ಕೆ ಇತಿಹಾಸದಲ್ಲಿ ಸಾಕ್ಷ್ಯವಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನನ್ನು ಮಾತ್ರ ಸೇವಿಸುವ ಪಥ್ಯವೊಂದು ಬಹಳ ಪ್ರಚಾರ ಪಡೆಯಿತು. 1977 ಮತ್ತು 1978ರಲ್ಲಿ ಅದನ್ನು ಅನುಸರಿಸಿದ ಐವತ್ತಕ್ಕೂ ಹೆಚ್ಚು ಮಂದಿ ಮರಣ ಹೊಂದಿದ ವರದಿಗಳು ಬಂದವು. ಅವರಲ್ಲಿ ಹಲವರು ಮೊದಲು ಹೃದ್ರೋಗವಿಲ್ಲದವರು, ಅತಿಸ್ಥೂಲರಾಗಿದ್ದು ಕೆಲವೇ ತಿಂಗಳಲ್ಲಿ ಬಹಳ ತೂಕ ಇಳಿಸಿಕೊಂಡವರು.

ಇದಕ್ಕೆ ವಿರುದ್ಧವಾಗಿ ಕೆಲವರು ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿಯ ಉದಾಹರಣೆಯನ್ನು ಮುಂದಿಡುತ್ತಾರೆ. 27 ವರ್ಷದ ಆತನು 1965ರಲ್ಲಿ ಆರಂಭಿಸಿ 382 ದಿನ ಆಹಾರವಿಲ್ಲದೆ ಇದ್ದು 207 ಕಿಲೋದಿಂದ 82 ಕಿಲೋಗೆ ಇಳಿದುದು ನಿಜ. ಆದರೆ ಆತನು ವೈದ್ಯರ ನಿಗಾದಲ್ಲಿದ್ದನು. ಆತನ ರಕ್ತ, ಮೂತ್ರಗಳನ್ನು ಪರೀಕ್ಷಿಸಲಾಗುತ್ತಿತ್ತು. ಜೀವಸತ್ವಗಳನ್ನೂ ಲವಣಗಳನ್ನೂ ಕೊಡಲಾಗುತ್ತಿತ್ತು. ಅದೇ ದಶಕದಲ್ಲಿ ಅಂಥ ದೀರ್ಘೋಪವಾಸದ ಚಿಕಿತ್ಸೆ ಪಡೆದ ಬೇರೆ ರೋಗಿಗಳು ಆಸ್ಪತ್ರೆಯಲ್ಲಿಯೇ ಮೃತಪಟ್ಟರು, ಆ ಪದ್ಧತಿಯನ್ನು ವೈದ್ಯಲೋಕ ಕೈಬಿಟ್ಟಿತು. ಬದುಕಿ ಬಂದ ಒಬ್ಬನ ಕಥೆ ಎಲ್ಲೆಡೆ ಹರಡುತ್ತದೆ, ಉಳಿದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ವ್ರತ ಹಿಡಿಯುವವರು ಗಮನಿಸಬೇಕಾದುದು

ಶ್ರಾವಣ ಮಾಸದಲ್ಲಿ ಒಪ್ಪತ್ತು ಹಿಡಿಯುವ, ಶಿವರಾತ್ರಿಯಂದು ನಿರಾಹಾರವಿರುವ ಪದ್ಧತಿ ನಮ್ಮ ಭಕ್ತರಲ್ಲಿದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಅತಿಸ್ಥೂಲರಲ್ಲಿ ಅನೇಕರು ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಔಷಧಿ ಸೇವಿಸುವವರು. ಆಹಾರ ತಗ್ಗಿಸಿ ಔಷಧಿಯ ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡರೆ ಅಪಾಯ ಕಟ್ಟಿಟ್ಟದ್ದು.

54 ವರ್ಷದ ವರ್ತಕರೊಬ್ಬರು, 118 ಕಿಲೋ ತೂಕದವರು, ಶ್ರಾವಣದ ನೆಪದಲ್ಲಿ ತೂಕವೂ ಇಳಿಯಲೆಂದು ದಿನವಿಡೀ ನಿಂಬೆಹಣ್ಣಿನ ನೀರಿನಲ್ಲಿಯೇ ಇದ್ದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂದಿನಂತೆ ನುಂಗುತ್ತಿದ್ದರು. ನಾಲ್ಕನೆಯ ದಿನ ಪೂಜೆಗೆ ಕುಳಿತಲ್ಲಿಯೇ ಮೈ ಬೆವರಿ ಪ್ರಜ್ಞೆ ತಪ್ಪುವಂತಾಯಿತು. ಹತ್ತಿರವಿದ್ದ ಮಗ ಕೂಡಲೇ ಸಕ್ಕರೆ ನೀರು ಕುಡಿಸಿ ಕರೆತಂದುದರಿಂದ ಉಳಿದರು. ಅವರ ಮಾತ್ರೆಗಳನ್ನು ಕೊಡುತ್ತಿದ್ದ ವೈದ್ಯರೊಡನೆ ನಾವು ಮಾತನಾಡಿ ಔಷಧಿ, ಆಹಾರ ಎರಡನ್ನೂ ಹೊಂದಿಸಿದೆವು. ಮುಂದಿನ ಒಂದು ವರ್ಷದಲ್ಲಿ ಅವರು ಯಾವ ತೊಂದರೆಯೂ ಇಲ್ಲದೆ 14 ಕಿಲೋ ಇಳಿಸಿದರು.

ಇನ್ಸುಲಿನ್, ಗ್ಲಿಮೆಪಿರೈಡ್ ಮೊದಲಾದವುಗಳಿಂದ ಉಪವಾಸದಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸೇವಿಸುವವರು ನಿರಾಹಾರವಿದ್ದರೆ ಸಕ್ಕರೆ ಹೆಚ್ಚಿರದಿದ್ದರೂ ರಕ್ತದಲ್ಲಿ ಆಮ್ಲ ಸಂಗ್ರಹವಾಗುವ ಸಂಭವವಿದೆ. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಲವಣಗಳು ಕುಂದಬಹುದು. ಆದುದರಿಂದ ಇಂಥವರು ಔಷಧಿಯನ್ನು ತಾವಾಗಿ ನಿಲ್ಲಿಸಲೂಬಾರದು, ವೈದ್ಯರಿಗೆ ತಿಳಿಸದೆ ಉಪವಾಸ ಮಾಡಲೂಬಾರದು. ಗರ್ಭಿಣಿಯರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ರೋಗಿಗಳು ತೂಕ ಇಳಿಸಲೆಂದು ಉಪವಾಸ ಕೈಗೊಳ್ಳಕೂಡದು. ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆಯಾದ ಪಥ್ಯವು ಯಾರಿಗೇ ಆಗಲಿ ವೈದ್ಯರ ನೇರ ನಿಗಾದಲ್ಲಿ ಮಾತ್ರ ನಡೆಯತಕ್ಕದ್ದು.

ಆರಂಭಿಸುವ ಕ್ರಮ

ಮೊದಲು ರಕ್ತದೊತ್ತಡ, ರಕ್ತದ ಸಕ್ಕರೆ, ಥೈರಾಯ್ಡ್, ಯಕೃತ್ತು, ಮೂತ್ರಪಿಂಡ ಮತ್ತು ಹೃದಯದ ಪರೀಕ್ಷೆಗಳನ್ನು ಮಾಡಿಸಬೇಕು. ನಿದ್ರೆಯಲ್ಲಿ ಜೋರಾದ ಗೊರಕೆ ಮತ್ತು ಉಸಿರು ಕಟ್ಟುವ ಲಕ್ಷಣವಿದ್ದರೆ ವೈದ್ಯರಿಗೆ ತಿಳಿಸಬೇಕು.

ಆಹಾರದಲ್ಲಿ ಮೊದಲ ತಿಂಗಳು ಎರಡೇ ಬದಲಾವಣೆ ಸಾಕು. ದಿನಕ್ಕೆ ನಾಲ್ಕು ಲೋಟ ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯೊಂದರಿಂದಲೇ ಸುಮಾರು 160 ಕ್ಯಾಲೊರಿ. ಐದು ಗ್ರಾಮಿನ ಒಂದು ಸಣ್ಣ ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ. ಸಕ್ಕರೆಯನ್ನು ಬಿಟ್ಟು ಎಣ್ಣೆಯನ್ನು ಅಳೆದು ಬಳಸಿದರೆ ಹಸಿವಿನಿಂದ ನರಳದೆಯೇ ದಿನಕ್ಕೆ 300 ಕ್ಯಾಲೊರಿಗಳಷ್ಟು ತಗ್ಗುತ್ತದೆ. ಬಳಿಕ ರೊಟ್ಟಿ, ಮುದ್ದೆ, ಅನ್ನದ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಆ ಜಾಗವನ್ನು ಸೊಪ್ಪು, ತರಕಾರಿ, ಕೋಸಂಬರಿ, ಕಾಳಿನ ಪಲ್ಯಗಳಿಂದ ತುಂಬಬೇಕು. 100 ಗ್ರಾಂ ಒಣ ಹುರುಳಿ ಅಥವಾ ಹೆಸರಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಸಸ್ಯಾಹಾರಿಗಳು ಪ್ರತಿ ಊಟದಲ್ಲಿಯೂ ಕಾಳು, ಬೇಳೆ ಅಥವಾ ಕೆನೆ ತೆಗೆದ ಹಾಲಿನ ಮೊಸರು, ಮಜ್ಜಿಗೆ ಇರುವಂತೆ ನೋಡಿಕೊಂಡರೆ ಮಾಂಸಧಾತುವಿನ ರಕ್ಷಣೆಯಾಗುತ್ತದೆ. ದಾಸೋಹದ ಪ್ರಸಾದವನ್ನು ತ್ಯಜಿಸಬೇಕಾಗಿಲ್ಲ. ಹುಗ್ಗಿ, ಹೋಳಿಗೆಗಳನ್ನು ಒಂದು ತುತ್ತಿಗೆ ಮಿತಗೊಳಿಸಿದರೆ ಸಾಕು. ಬಡಿಸುವವರೂ ಇಂಥವರಿಗೆ ಒತ್ತಾಯ ಮಾಡದಿರುವುದು ಒಳಿತು.

ವ್ಯಾಯಾಮವನ್ನು ದಿನಕ್ಕೆ ಎರಡು ಬಾರಿ ಐದೈದು ನಿಮಿಷದ ಸಮತಟ್ಟು ನೆಲದ ನಡಿಗೆಯಿಂದ ಆರಂಭಿಸಿ, ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸಬೇಕು. ಮೊಣಕಾಲು ನೋವಿದ್ದವರು ಕುರ್ಚಿಯಿಂದ ಏಳುವ, ಕುಳಿತುಕೊಳ್ಳುವ ಅಭ್ಯಾಸವನ್ನು ಆಸರೆ ಹಿಡಿದು ಮಾಡಬಹುದು. ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಐದು ಕಿಲೋ ಇಳಿದವರು ತಮಗೆ ಮೆಟ್ಟಿಲು ಹತ್ತುವುದು ಸುಲಭವಾಯಿತೆಂದು ಹೇಳುವುದು ಇದರಿಂದಲೇ.

ಆರು ತಿಂಗಳಲ್ಲಿ ದೇಹತೂಕದ ಶೇಕಡಾ 5ರಿಂದ 10ರಷ್ಟು ಇಳಿದರೆ ಅದು ಉತ್ತಮವಾದ ಮೊದಲ ಗುರಿ. 120 ಕಿಲೋ ಇರುವವರಿಗೆ ಇದು 6ರಿಂದ 12 ಕಿಲೋ. ಇಷ್ಟರಿಂದಲೇ ರಕ್ತದೊತ್ತಡ ಮತ್ತು ಸಕ್ಕರೆ ಸುಧಾರಿಸುವುದನ್ನು ಕಾಣಬಹುದು.

ಇಳಿದ ತೂಕವನ್ನು ಉಳಿಸಿಕೊಳ್ಳುವುದು

ನಿಧಾನವಾಗಿ ಇಳಿಸಿದ ಮಾತ್ರಕ್ಕೆ ತೂಕ ಮರಳಿ ಬರುವುದಿಲ್ಲವೆಂದು ಹೇಳುವಂತಿಲ್ಲ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ವೈದ್ಯರ ನಿಗಾದಲ್ಲಿ 12 ವಾರಗಳಲ್ಲಿ ಇಳಿಸಿದವರೂ 36 ವಾರಗಳಲ್ಲಿ ಇಳಿಸಿದವರೂ ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಕಳೆದ ತೂಕದ ಬಹುಭಾಗವನ್ನು ಸಮಾನವಾಗಿ ಮರಳಿ ಗಳಿಸಿದರು. ನಿಧಾನಗತಿಯನ್ನು ನಾವು ಒತ್ತಿ ಹೇಳುವುದು ಮನೆಯಲ್ಲಿದ್ದುಕೊಂಡು ತೂಕ ಇಳಿಸುವವರ ಜೀವದ ಸುರಕ್ಷತೆಗಾಗಿ. ತೂಕ ಉಳಿಯುವುದು ಬದಲಾದ ಊಟ ಮತ್ತು ನಡಿಗೆಯನ್ನು ಮುಂದುವರಿಸುವುದರಿಂದ. ಆದ್ದರಿಂದ ಜೀವನಪೂರ್ತಿ ಪಾಲಿಸಬಹುದಾದ ಪಥ್ಯವನ್ನೇ ಮೊದಲ ದಿನದಿಂದ ಆರಿಸಿಕೊಳ್ಳಬೇಕು.

ವಾರಕ್ಕೊಮ್ಮೆ, ಒಂದೇ ದಿನ, ಬೆಳಗಿನ ಶೌಚದ ನಂತರ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಪುಸ್ತಕದಲ್ಲಿ ಬರೆದಿಡಿರಿ. ಮೊದಲ ಎರಡು ವಾರಗಳ ನಂತರವೂ ಶೇಕಡಾ 1ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಊಟವನ್ನು ಸ್ವಲ್ಪ ಹೆಚ್ಚಿಸಿರಿ. ಎದ್ದು ನಿಂತಾಗ ತಲೆಸುತ್ತು, ಎದೆ ಬಡಿತದ ಏರುಪೇರು, ಬಲ ಪಕ್ಕೆಲುಬಿನ ಕೆಳಗೆ ಊಟದ ನಂತರ ಬರುವ ತೀವ್ರ ನೋವು, ನಿಲ್ಲದ ವಾಂತಿ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿಯೇ ಇಳಿಯುತ್ತಿದ್ದರೆ ಸಂತೋಷಪಡದೆ ಅದರ ಕಾರಣವನ್ನು ಪರೀಕ್ಷಿಸಿಕೊಳ್ಳಿರಿ. ಹತ್ತಾರು ವರ್ಷಗಳಲ್ಲಿ ಏರಿದ ಭಾರ ಇಳಿಯಲು ಒಂದೆರಡು ವರ್ಷ ಹಿಡಿದರೆ ಅದು ಹೆಚ್ಚಿನ ಕಾಲವೇನೂ ಅಲ್ಲ.