ಅಂಗನವಾಡಿಯ ಊಟಕ್ಕೆ ಸೊಸೆಯನ್ನು ಕಳಿಸಿ

ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ‘ಮಾತೃಪೂರ್ಣ’ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2017ರ ಅಕ್ಟೋಬರ್ 2ರಂದು. ಅನ್ನ, ತರಕಾರಿ ಸಾಂಬಾರು, ಬೇಯಿಸಿದ ಮೊಟ್ಟೆ, ಹಾಲು, ನೆಲಗಡಲೆ ಚಿಕ್ಕಿ. ತಿಂಗಳಿಗೆ 25 ದಿನ. ಹೆರಿಗೆಯಾಗಿ ಆರು ತಿಂಗಳವರೆಗೂ ಇದು ಸಿಗಬೇಕು. ಊಟ ಇದೆ, ಉಣ್ಣಲು ಬರುವವರು ಕಡಿಮೆ. ಕರಾವಳಿಯ ಅಂಗನವಾಡಿ ಟೀಚರ್‌ಗಳು, ಆಶಾ ಕಾರ್ಯಕರ್ತೆಯರು ಮೊದಲು ಹೇಳುವ ಮಾತು ಇದೇ.

ಕಾರಣಗಳನ್ನೂ ಅವರೇ ಹೇಳ್ತಾರೆ. ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು, ತೋಟಕ್ಕೊಂದು. ತುಂಬು ಹೊಟ್ಟೆ ಹೊತ್ತು ಜೂನ್ ಮಳೆಯಲ್ಲಿ ಏರು ಹತ್ತಿ ಇಳಿಯುವುದು ಸುಲಭವಲ್ಲ. ಇದು ನಿಜವಾದ ಕಷ್ಟ. ಯೋಜನೆ ಮಾಡಿದವರು ಯೋಚಿಸಬೇಕಾದದ್ದು.

ಆದರೆ ಎರಡನೆಯ ಕಾರಣ ನಮ್ಮ ಮನೆಯೊಳಗೇ ಇದೆ. “ನಮ್ಮಲ್ಲಿ ಊಟಕ್ಕೆ ಗತಿ ಇಲ್ಲವಾ? ನೆರೆಕರೆಯವರು ಏನೆಂದಾರು?” ಅಂಗನವಾಡಿ ಹತ್ತಿರವೇ ಇದ್ದರೂ ಈ ಒಂದು ಮಾತಿಗೆ ಸೊಸೆ ಮನೆಯಲ್ಲೇ ಉಳಿಯುತ್ತಾಳೆ. ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ಅನ್ನ ಸಾರು ಉಣ್ಣುತ್ತಾಳೆ. ಅಂಗನವಾಡಿಯಲ್ಲಾದರೆ ಆ ಮೊಟ್ಟೆ, ಆ ಹಾಲು ಅವಳದ್ದೇ, ಬೇರೆಯವರಿಗೆ ಹಂಚಿಹೋಗುವುದಿಲ್ಲ.

ಮೂರನೆಯದು ತವರು. ಏಳನೇ ತಿಂಗಳಿಗೆ ಉಮ್ಮನ ಮನೆಗೆ ಹೋದ ಹುಡುಗಿಯ ಹೆಸರು ಇಲ್ಲಿಯ ಪಟ್ಟಿಯಲ್ಲೇ ಇರುತ್ತದೆ, ಅಲ್ಲಿಯ ಟೀಚರ್‌ಗೆ ಗೊತ್ತಿರುವುದಿಲ್ಲ. ಹೋದ ವಾರವೇ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿ.

ಇದು ಬರೀ ಊಟದ ವಿಷಯವಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ರಾಜ್ಯದಲ್ಲಿ ನೂರು ಗರ್ಭಿಣಿಯರಲ್ಲಿ ಸುಮಾರು 45 ಮಂದಿಗೆ ಅದಿದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ರಕ್ತ ಕಡಿಮೆಯಿದ್ದವಳಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ಜೀವಕ್ಕೇ ಅಪಾಯ. ಮಗುವಿನ ತೂಕವೂ ಕಡಿಮೆಯಾಗಬಹುದು.

ಕಬ್ಬಿಣದ ಮಾತ್ರೆ ಕಪಾಟಿನಲ್ಲೇ ಉಳಿಯುವುದು ಕಾರ್ಯಕರ್ತೆಯರ ಇನ್ನೊಂದು ಬೇಸರ. ಮಲ ಕಪ್ಪಾಗುವುದಕ್ಕೆ ಹೆದರಬೇಕಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ತಗೊಳ್ಳಿ. ಚಾ, ಹಾಲಿನ ಜೊತೆ ಬೇಡ; ಲಿಂಬೆ ಶರಬತ್ತು ಒಳ್ಳೆಯದು.

ರಮಝಾನಿನಲ್ಲಿ ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಗರ್ಭಿಣಿಗೆ ಉಪವಾಸ ಬಿಡುವ ರಿಯಾಯಿತಿ ಶರೀಅತ್‌ನಲ್ಲೇ ಇದೆ. ಬಳಿಕ ಹಿಡಿದು ತೀರಿಸಬೇಕು. ಫಿದ್ಯದ ಮಸ್‌ಅಲ ಉಸ್ತಾದರಲ್ಲಿ ಕೇಳಿ, ದೇಹದ ವಿಷಯ ಡಾಕ್ಟರಲ್ಲಿ ಕೇಳಿ.

ಮನೆಯ ಹಿರಿಯ ಉಮ್ಮಂದಿರಲ್ಲಿ ಒಂದೇ ವಿನಂತಿ. ನಾಳೆ ಮಧ್ಯಾಹ್ನ ಸೊಸೆಯ ಕೈಯಲ್ಲಿ ಕೊಡೆ ಕೊಟ್ಟು ನೀವೇ “ಹೋಗಿ ಬಾ ಮಗಳೇ” ಅನ್ನಿ. ನೀವು ಹೇಳಿದರೆ ನೆರೆಕರೆಯ ಮಾತಿಗೆ ಬೆಲೆ ಇರುವುದಿಲ್ಲ.